ರಾಜಾಜಿನಗರದ ಶೆಡ್ಡಿಗೆ ಬಂದ ಆರ್ಗಾನ್

ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಕಡೆಗೆ ತಿರುಗಿದರೆ, ಇಲ್ಲವೇ ರಾಜಾಜಿನಗರದ ಕೈಗಾರಿಕಾ ವಸಾಹತಿನ ಹಿಂಬದಿಯ ಓಣಿಗಳಿಗೆ ಇಳಿದರೆ, ಅರ್ಧ ಎತ್ತಿದ ರೋಲಿಂಗ್ ಶಟರಿನ ಮೇಲೆ ಬಣ್ಣದಲ್ಲಿ ಬರೆದ ಫಲಕಗಳು ಸಾಲಾಗಿ ಕಾಣುತ್ತವೆ. ಎಸ್‌ಎಸ್, ಅಲ್ಯೂಮಿನಿಯಂ, ಹಿತ್ತಾಳೆ, ಡೈ ರಿಪೇರಿ. ಕೊನೆಗೆ, ಆರ್ಗಾನ್ ವೆಲ್ಡಿಂಗ್ ಮಾಡಿಕೊಡಲಾಗುವುದು. ಒಳಗೆ ಮೂಲೆಯಲ್ಲಿ ಆಳೆತ್ತರದ ನೀಲಿ ಸಿಲಿಂಡರ್ ನಿಂತಿರುತ್ತದೆ. ಬೆಂಗಳೂರಿನ ಕೈಗಾರಿಕೆಯ ಇತಿಹಾಸ ಬರೆಯುವವರು 1940ರ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಎಂದು ದೊಡ್ಡ ಗೇಟುಗಳನ್ನೇ ಎಣಿಸುತ್ತಾ ಹೋಗುತ್ತಾರೆ. ಪಶ್ಚಿಮದ ಈ ಓಣಿಗಳು ಆ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗಿಯೂ ಬರುವುದು ಅಪರೂಪ. ಆದರೆ ನೀಲಿ ಸಿಲಿಂಡರಿನ ಹಾದಿ ಹಿಡಿದು ಹಿಂದಕ್ಕೆ ಹೋದರೆ ಬೇರೊಂದು ಇತಿಹಾಸ ಸಿಗುತ್ತದೆ. ಪ್ರಯೋಗಾಲಯದಲ್ಲಿ ಹುಟ್ಟಿ, ಸರ್ಕಾರಿ ಕಾರ್ಖಾನೆಯಲ್ಲಿ ಬೆಳೆದ ಅನಿಲವೊಂದು ಮೂರ್ನಾಲ್ಕು ಜನ ದುಡಿಯುವ ಶೆಡ್ಡಿನವರೆಗೆ ಇಳಿದು ಬಂದ ಕಥೆ ಅದು. ಆ ಇಳಿಜಾರಿನಲ್ಲಿ ಶುದ್ಧತೆಯ ಅಳತೆ ಸಿಲಿಂಡರಿನ ಜೊತೆಗೇ ಶೆಡ್ಡಿಗೆ ಬಂತು. ಸುರಕ್ಷತೆಯ ಅಳತೆ ಮಾತ್ರ ದೊಡ್ಡ ಕಾರ್ಖಾನೆಯ ಗೇಟಿನಲ್ಲೇ ಉಳಿದುಬಿಟ್ಟಿತು. ನನ್ನ ವಾದ ಇಷ್ಟೇ, ಇದನ್ನು ಪುರಾವೆಯೊಂದಿಗೆ ಹೇಳಬೇಕಾಗಿದೆ.

ಆರ್ಗಾನ್ ಮನುಷ್ಯನಿಗೆ ಮೊದಲು ಪರಿಚಯವಾದದ್ದೇ ಕಲಬೆರಕೆಯಾಗಿ. 1785ರಲ್ಲಿ ಹೆನ್ರಿ ಕ್ಯಾವೆಂಡಿಷ್ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ ಸಾರಜನಕವನ್ನೆಲ್ಲ ತೆಗೆದುಹಾಕಲು ನೋಡಿದಾಗ, ಎಷ್ಟು ಮಾಡಿದರೂ ಕರಗದ ಒಂದು ಪುಟ್ಟ ಗುಳ್ಳೆ ಉಳಿಯಿತು. ಅದು ಒಟ್ಟಿನ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಎಂದು ಆತ ಬರೆದಿಟ್ಟ. ನೂರು ವರ್ಷಕ್ಕೂ ಮೇಲೆ ಆ ಗುಳ್ಳೆಯ ಗೊಡವೆಗೆ ಯಾರೂ ಹೋಗಲಿಲ್ಲ. 1890ರ ದಶಕದಲ್ಲಿ ಲಾರ್ಡ್ ರೇಲಿ ಅನಿಲಗಳ ಸಾಂದ್ರತೆಯನ್ನು ತೂಗುತ್ತಿದ್ದಾಗ, ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ ಸುಮಾರು 1.257 ಗ್ರಾಂ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ ಸುಮಾರು 1.250 ಗ್ರಾಂ ತೂಗಿತು. ವ್ಯತ್ಯಾಸ ಶೇಕಡಾ ಅರ್ಧ. ತಕ್ಕಡಿಯ ದೋಷವೆಂದು ಬಿಟ್ಟುಬಿಡಬಹುದಿತ್ತು, ರೇಲಿ ಬಿಡಲಿಲ್ಲ. ವಿಲಿಯಂ ರಾಮ್ಸೆ ಜೊತೆಗೂಡಿ 1894ರಲ್ಲಿ ಅವರು ಆ ಹೆಚ್ಚುವರಿ ತೂಕದ ಒಡೆಯನನ್ನು ಹಿಡಿದರು. ಗಾಳಿಯಲ್ಲಿ ಶೇಕಡಾ 0.93ರಷ್ಟು ಇರುವ, ಯಾವುದರ ಜೊತೆಗೂ ಸೇರದ ಒಂದು ಜಡಾನಿಲ. ಶುದ್ಧವೆಂದು ನಂಬಿದ್ದ ವಸ್ತುವಿನ ಶುದ್ಧತೆಯನ್ನು ಅನುಮಾನಿಸಿದ್ದರಿಂದ ಸಿಕ್ಕ ಮೂಲವಸ್ತು ಇದು. ಈಗ ಅದೇ ಅನಿಲವನ್ನು ಹತ್ತು ಲಕ್ಷದಲ್ಲಿ ಹತ್ತು ಭಾಗ ಕಲಬೆರಕೆಯೂ ಇರಬಾರದು ಎಂದು ಹಟ ಹಿಡಿದು ಕೊಳ್ಳುತ್ತೇವೆ.

ಈ ಕಥೆಗೂ ಬೆಂಗಳೂರಿಗೂ ಇರುವ ನಂಟು ಬಹಳ ಜನರಿಗೆ ತಿಳಿದಿಲ್ಲ. ಜಮ್ಷೆಟ್‌ಜಿ ಟಾಟಾ ಅವರು ಕಟ್ಟಬೇಕೆಂದಿದ್ದ ವಿಜ್ಞಾನ ಸಂಸ್ಥೆಗೆ ತಕ್ಕ ಜಾಗ ಯಾವುದೆಂದು ಹೇಳಲು 1900ರ ಕೊನೆಗೆ ಭಾರತಕ್ಕೆ ಬಂದು ಸುತ್ತಾಡಿ, ಬೆಂಗಳೂರೇ ಆಗಬಹುದು ಎಂದವರು ಇದೇ ರಾಮ್ಸೆ. ಆ ಸಂಸ್ಥೆಯ ಮೊದಲ ನಿರ್ದೇಶಕರಾಗಿ 1906ರಲ್ಲಿ ನೇಮಕಗೊಂಡವರು ಮಾರಿಸ್ ಟ್ರಾವರ್ಸ್. 1898ರಲ್ಲಿ ರಾಮ್ಸೆ ಜೊತೆ ಸೇರಿ ಆರ್ಗಾನಿನ ಬಂಧುಗಳಾದ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ದ್ರವಗಾಳಿಯಿಂದ ಬೇರ್ಪಡಿಸಿದವರು. ಮೈಸೂರು ಮಹಾರಾಜರು ಕೊಟ್ಟ 371 ಎಕರೆ ನೆಲದಲ್ಲಿ ಸಂಸ್ಥೆ ಎದ್ದಿತು. ಅಲ್ಲಿಂದ ರಾಜಾಜಿನಗರ ಕೂಗಳತೆಯ ದೂರ. ಆದರೆ ಇದು ಬರೀ ಕಾಕತಾಳೀಯವಲ್ಲವೇ, ಟ್ರಾವರ್ಸ್ ಬಂದದ್ದಕ್ಕೂ ಕಾಮಾಕ್ಷಿಪಾಳ್ಯದ ಬೆಸುಗೆಗೂ ಏನು ಸಂಬಂಧ ಎಂದು ಕೇಳಿದರೆ, ನೇರ ಸಂಬಂಧ ಏನೂ ಇಲ್ಲ ಎಂದು ಒಪ್ಪಬೇಕು. ಆ ಮಹನೀಯರು ವೆಲ್ಡಿಂಗ್ ಕಲಿಸಲು ಬರಲಿಲ್ಲ, ಆಗ ಆರ್ಗಾನ್ ವೆಲ್ಡಿಂಗ್ ಎಂಬುದೇ ಹುಟ್ಟಿರಲಿಲ್ಲ. ಸಂಬಂಧವಿರುವುದು ಮನೋಧರ್ಮದಲ್ಲಿ. ಅನಿಲವನ್ನು ಅಳೆದು, ಬೇರ್ಪಡಿಸಿ, ಅದರ ಶುದ್ಧತೆಗೆ ಜವಾಬು ಹೇಳುವ ವಿದ್ಯೆಗೆ ಈ ಊರಿನಲ್ಲಿ ಒಂದು ಶತಮಾನ ದಾಟಿದ ವಿಳಾಸವಿದೆ. ಆ ವಿದ್ಯೆ ಕ್ಯಾಂಪಸ್ಸಿನ ಗೋಡೆ ದಾಟಿ ಎರಡು ಮೈಲಿ ಬರುವುದಕ್ಕೆ ಎಷ್ಟು ಕಾಲ ಹಿಡಿಯಿತು, ಎಷ್ಟು ಮಾತ್ರ ಬಂತು ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಬಂದದ್ದು ಬೆಳಕಿನ ರೂಪದಲ್ಲಿ. ಬಲ್ಬಿನೊಳಗಿನ ಗಾಳಿಯನ್ನು ಪೂರ್ತಿ ಹೀರಿ ತೆಗೆದರೆ ಕಾದ ಟಂಗ್‌ಸ್ಟನ್ ತಂತಿ ಬೇಗ ಆವಿಯಾಗಿ ಗಾಜಿಗೆ ಕಪ್ಪು ಹಿಡಿಯುತ್ತದೆ. 1913ರ ಹೊತ್ತಿಗೆ ಅಮೆರಿಕದ ಇರ್ವಿಂಗ್ ಲ್ಯಾಂಗ್ಮುಯಿರ್, ಒಳಗೆ ಜಡ ಅನಿಲ ತುಂಬಿದರೆ ತಂತಿ ಹೆಚ್ಚು ಕಾಲ ಬಾಳುತ್ತದೆಂದು ತೋರಿಸಿದರು. ಮೊದಲು ಸಾರಜನಕ, ಆಮೇಲೆ ಆರ್ಗಾನ್, ಕೊನೆಗೆ ಆರ್ಗಾನಿಗೆ ಸ್ವಲ್ಪ ಸಾರಜನಕ ಬೆರೆಸಿದ ಮಿಶ್ರಣ ಪ್ರಪಂಚದ ರೂಢಿಯಾಯಿತು. ಪ್ರಪಂಚದಲ್ಲಿ ಆರ್ಗಾನಿಗೆ ಮೊದಲ ದೊಡ್ಡ ಗಿರಾಕಿ ಬಲ್ಬ್ ಉದ್ಯಮವೇ. ಆ ಉದ್ಯಮ ಬೆಂಗಳೂರಿಗೆ ಬಂದದ್ದು 1936ರಲ್ಲಿ, ಮೈಸೂರು ಲ್ಯಾಂಪ್ಸ್ ಆಗಿ. ಹಳೆ ತುಮಕೂರು ರಸ್ತೆಯಲ್ಲಿ, ಮಲ್ಲೇಶ್ವರ ಮತ್ತು ಇಂದಿನ ರಾಜಾಜಿನಗರದ ಅಂಚಿನಲ್ಲಿ. ಮನೆಮನೆಯ ಬಲ್ಬಿನಲ್ಲಿ, ನಂತರ ಟ್ಯೂಬ್‌ಲೈಟಿನಲ್ಲಿ ಒಂದು ಗುಟುಕು ಜಡಾನಿಲ ಬಂಧಿಯಾಗಿರುತ್ತದೆ ಎಂಬುದು ಉರಿಸುವವರಿಗೆ ಗೊತ್ತಿರಬೇಕಾಗಿರಲಿಲ್ಲ. ತಯಾರಿಸುವವರಿಗೆ ಗೊತ್ತಿರದೆ ಗತಿಯಿರಲಿಲ್ಲ. ಕಣದಷ್ಟು ತೇವ ಒಳಗೆ ಉಳಿದರೂ ಅದು ಬಿಸಿ ತಂತಿಯ ಲೋಹವನ್ನು ಹೊತ್ತು ಗಾಜಿಗೆ ಬಳಿಯುತ್ತಾ, ಮತ್ತೆ ಮರಳಿ ಅದೇ ಕೆಲಸಕ್ಕೆ ತೊಡಗುತ್ತದೆ. ಬಲ್ಬಿಗೆ ತುಂಬುವ ಅನಿಲ ಒಣಗಿರಬೇಕು, ಆಮ್ಲಜನಕ ಇರಲೇಬಾರದು ಎಂಬ ಪಾಠ ಕಾರ್ಮಿಕರ ಕೈಗೆ ಬಂದದ್ದು ಇಂಥ ಕಡೆ. ಕಾರ್ಖಾನೆ 2003ರಲ್ಲಿ ಮುಚ್ಚಿತು. ಅದರ ಇಪ್ಪತ್ತು ಎಕರೆಗೂ ಮಿಕ್ಕಿದ ಅಂಗಳದಲ್ಲಿ ಬೆಂಗಳೂರಿನ ಪರಂಪರೆಯನ್ನು ತೋರಿಸುವ ಯೋಜನೆಗಳ ಮಾತು ಬಹುಕಾಲದಿಂದ ನಡೆದಿದೆ. ಹಾಗೆ ತೋರಿಸುವಾಗ ಬಲ್ಬಿನ ಗಾಜಿನ ಜೊತೆಗೆ ಅದರೊಳಗಿನ ಅನಿಲದ ವಿದ್ಯೆಯನ್ನೂ ತೋರಿಸಬೇಕು.

ಬೆಸುಗೆಗೆ ಆರ್ಗಾನ್ ಬಂದದ್ದು ಯುದ್ಧದ ಮೂಲಕ. ವಿಮಾನದ ಮೆಗ್ನೀಸಿಯಂ ಬಿಡಿಭಾಗಗಳನ್ನು ಬೆಸೆಯಲು 1941ರಲ್ಲಿ ಅಮೆರಿಕದ ನಾರ್ತ್ರಪ್ ಕಂಪನಿಯ ರಸೆಲ್ ಮೆರೆಡಿತ್ ಟಂಗ್‌ಸ್ಟನ್ ಕಡ್ಡಿಯ ಸುತ್ತ ಹೀಲಿಯಂ ಹರಿಸುವ ಉಪಾಯ ಹೂಡಿದರು. ಹೀಲಿಯಂ ದುಬಾರಿ, ಹಗುರ. ಆರ್ಗಾನ್ ಗಾಳಿಗಿಂತ ಸುಮಾರು 1.38 ಪಟ್ಟು ಭಾರ, ಹಾಗಾಗಿ ಕರಗಿದ ಲೋಹದ ಮೇಲೆ ಕಂಬಳಿಯಂತೆ ಹೊದ್ದು ಕೂರುತ್ತದೆ. ಕೆಲವೇ ವರ್ಷಗಳಲ್ಲಿ ಹೀಲಿಯಂನ ಜಾಗ ಆರ್ಗಾನಿಗೆ ಬಂತು. ಬೆಂಗಳೂರಿನ ಪೂರ್ವಕ್ಕೆ ಎಚ್‌ಎಎಲ್ 1950ರ ದಶಕದ ಕೊನೆಯಿಂದ ಆರ್ಫಿಯಸ್ ಜೆಟ್ ಎಂಜಿನ್ ಕಟ್ಟಲು ತೊಡಗಿತು. ಅಂಥ ಎಂಜಿನ್ನಿನ ತೆಳು ತಗಡಿನ ಭಾಗಗಳಿಗೆ ಜಡಾನಿಲದ ಬೆಸುಗೆ ಬೇಕೇ ಬೇಕು. ಈ ವಿದ್ಯೆ ಪೂರ್ವದಿಂದ ಪಶ್ಚಿಮಕ್ಕೆ ಬಂದ ದಾರಿಯನ್ನು ರಸ್ತೆ, ಬಡಾವಣೆಗಳ ಹೆಸರುಗಳೇ ಅರ್ಧ ಹೇಳುತ್ತವೆ. ಸ್ವಾತಂತ್ರ್ಯದ ಹೊಸತರಲ್ಲಿ ಕಾರ್ಡ್ ರೋಡಿನ ಆಚೀಚೆ ಹಬ್ಬಿದ ರಾಜಾಜಿನಗರವನ್ನು ಮೊದಲಿನಿಂದಲೂ ಕೈಗಾರಿಕಾ ಉಪನಗರವೆಂದೇ ರೂಪಿಸಲಾಗಿತ್ತು. ಇಂಡಸ್ಟ್ರಿಯಲ್ ಟೌನ್ ಎಂಬ ವಿಳಾಸ ಈಗಲೂ ಅಂಚೆಯಲ್ಲಿ ಓಡಾಡುತ್ತದೆ. ವಿಜಯನಗರದ ರೆಮ್ಕೊ ಬಡಾವಣೆಯ ಹೆಸರು ಮೈಸೂರು ರಸ್ತೆಯ ರೇಡಿಯೊ ಅಂಡ್ ಎಲೆಕ್ಟ್ರಿಕಲ್ಸ್ ಕಾರ್ಖಾನೆಯದು. ಅದೇ ಮುಂದೆ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗವಾಯಿತು.

ದೊಡ್ಡ ಕಾರ್ಖಾನೆಗಳು ಬಿಡಿಭಾಗಗಳಿಗೆ ಸಣ್ಣವರನ್ನು ಹುಡುಕಿದವು, ಸರ್ಕಾರ ಸಣ್ಣವರಿಗೆ ಶೆಡ್ಡು ಕಟ್ಟಿಸಿಕೊಟ್ಟಿತು. ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದ ಕೈಗಾರಿಕಾ ವಸಾಹತುಗಳ ಕಲ್ಪನೆಯೇ ಅದು: ನೆಲ, ನೀರು, ಕರೆಂಟು, ಚಾವಣಿ ಸಿದ್ಧವಿರಲಿ, ಕಸುಬು ಬಲ್ಲವನು ಲೇತ್ ತಂದಿಟ್ಟು ಕೆಲಸ ಶುರುಮಾಡಲಿ. 1960ರಲ್ಲಿ ಹುಟ್ಟಿದ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಕಚೇರಿ ರಾಜಾಜಿನಗರದಲ್ಲಿದೆ. ಕೇಂದ್ರ ಸರ್ಕಾರದ ಸಣ್ಣ ಕೈಗಾರಿಕೆಗಳ ಸೇವಾ ಸಂಸ್ಥೆಯೂ ಅಲ್ಲೇ ನೆಲೆಯಾಯಿತು. 1949ರಲ್ಲಿ ಆರಂಭವಾದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದ ಮನೆ ವಿಜಯನಗರದಲ್ಲಿ. ಇವೆಲ್ಲಕ್ಕಿಂತ ನನ್ನ ವಾದಕ್ಕೆ ಮುಖ್ಯವಾದದ್ದು 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದ ವಸಾಹತಿನಲ್ಲೇ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ. ಅಚ್ಚು, ಡೈ ಮಾಡುವವರನ್ನು ತಲೆಮಾರುಗಟ್ಟಲೆ ತಯಾರಿಸಿದ ಶಾಲೆ ಅದು. ಮೂಲೆ ಸವೆದ ಅಚ್ಚಿಗೆ ಒಂದು ಮಿಲಿಮೀಟರ್ ಲೋಹ ತುಂಬಿ ಮತ್ತೆ ಕಡೆಯಬೇಕಾದರೆ ಆರ್ಗಾನ್ ಇಲ್ಲದೆ ಆಗದು. ಹೀಗೆ ಬೇಡಿಕೆ ಓಣಿಯೊಳಗೇ ಹುಟ್ಟಿತು. ಇಷ್ಟೆಲ್ಲ ಸಂಸ್ಥೆಗಳು ಎರಡು ಮೂರು ಕಿಲೋಮೀಟರಿನೊಳಗೆ ಸೇರಿದ್ದರಿಂದಲೇ ಕಾಮಾಕ್ಷಿಪಾಳ್ಯ, ಬಸವೇಶ್ವರನಗರದ ಅಂಚು, ಸುಂಕದಕಟ್ಟೆ, ಆಮೇಲೆ ಪೀಣ್ಯ, ಕೆಂಗೇರಿಯಾಚೆಯ ಕುಂಬಳಗೋಡಿನವರೆಗೆ ಈ ಕಸುಬು ಹಬ್ಬಿತು.

ಬೇಡಿಕೆ ಹುಟ್ಟಿದರೆ ಸಾಲದು, ಅನಿಲ ಎಲ್ಲಿಂದ ಬರಬೇಕು? ನೂರು ಲೀಟರ್ ಗಾಳಿಯಲ್ಲಿ ಆಮ್ಲಜನಕ 21 ಲೀಟರ್, ಆರ್ಗಾನ್ ಒಂದು ಲೀಟರಿಗೂ ಕಡಿಮೆ. ಆರ್ಗಾನ್ ಒಂದಕ್ಕಾಗಿ ಯಾರೂ ಗಾಳಿ ಬೇರ್ಪಡಿಸುವ ಘಟಕ ಕಟ್ಟುವುದಿಲ್ಲ. ಗಾಳಿಯನ್ನು ದ್ರವವಾಗಿಸಿ ಬಟ್ಟಿ ಇಳಿಸುವಾಗ ಸಾರಜನಕ ಮೈನಸ್ 196 ಡಿಗ್ರಿಯಲ್ಲಿ, ಆಮ್ಲಜನಕ ಮೈನಸ್ 183ರಲ್ಲಿ ಕುದಿಯುತ್ತದೆ. ಆರ್ಗಾನ್ ನಡುವೆ, ಮೈನಸ್ 186ರಲ್ಲಿ, ಆಮ್ಲಜನಕದ ಪಕ್ಕಕ್ಕೇ ಅಂಟಿಕೊಂಡು. ಮೂರು ಡಿಗ್ರಿಯ ಆ ಸಂದಿಯಲ್ಲಿ ಎರಡನ್ನೂ ಬಿಡಿಸುವುದೇ ಶುದ್ಧತೆಯ ಕಷ್ಟ, ಬೆಲೆಯ ಗುಟ್ಟು. ಉಕ್ಕಿನ ಕುಲುಮೆಗಳಿಗೆ ಬೇಕಾಗುವ ಅಪಾರ ಆಮ್ಲಜನಕದ ಬೆನ್ನಿಗೆ ಮಾತ್ರ ಆರ್ಗಾನ್ ಅಗ್ಗವಾಗಿ ಸಿಗುತ್ತದೆ. ಕರ್ನಾಟಕದಲ್ಲಿ ಅಂಥ ತಿರುವು ಬಂದದ್ದು 1990ರ ದಶಕದ ಕೊನೆಗೆ, ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯೂ ಅದಕ್ಕೆ ಆಮ್ಲಜನಕ ಕೊಡುವ ಭಾರಿ ಘಟಕಗಳೂ ಎದ್ದಾಗ. ಸಂಡೂರಿನ ಅದಿರನ್ನು ಕರಗಿಸುವ ಕುಲುಮೆಗೂ ರಾಜಾಜಿನಗರದ ಡೈ ರಿಪೇರಿಗೂ ಗಂಟು ಬಿದ್ದದ್ದು ಹೀಗೆ.

ಈಗ ಶುದ್ಧತೆಯ ಮಾತು. ಆರ್ಗಾನಿಗೆ ಭಾರತೀಯ ಮಾನಕವಿದೆ, ಐಎಸ್ 5760. ಸಿಲಿಂಡರಿನ ಬಣ್ಣಕ್ಕೆ ಬೇರೊಂದು, ಐಎಸ್ 4379. ಆರ್ಗಾನಿಗೆ ನೀಲಿ, ಆಮ್ಲಜನಕಕ್ಕೆ ಕಪ್ಪು, ಅಸಿಟಿಲೀನಿಗೆ ಮರೂನ್. ವ್ಯಾಪಾರದಲ್ಲಿ ಲೆಕ್ಕ ಒಂಬತ್ತುಗಳದ್ದು. ಶೇಕಡಾ 99.995 ಎಂದರೆ ನಾಲ್ಕೂವರೆ ಗ್ರೇಡ್, 99.999 ಎಂದರೆ ಐದು ಒಂಬತ್ತು. ಹಳಬರು ಇಂಡಿಯನ್ ಆಕ್ಸಿಜನ್ ಕಂಪನಿಯ ಹೆಸರಿನಿಂದ ಐಯೋಲಾರ್-1, ಐಯೋಲಾರ್-2 ಎಂದೇ ಕೇಳುತ್ತಾರೆ. ಮೂರನೇ ದಶಮಾಂಶದ ಈ ಜಗಳ ಅತಿಯಾಯಿತು ಎನ್ನಿಸಬಹುದು, ಆದರೆ ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ದೊಡ್ಡ ಸಿಲಿಂಡರಿನಲ್ಲಿ 150 ಬಾರ್ ಒತ್ತಡದಲ್ಲಿ 7 ಘನ ಮೀಟರ್, ಅಂದರೆ 7000 ಲೀಟರ್ ಅನಿಲ ಇರುತ್ತದೆ. ನಾಲ್ಕೂವರೆ ಗ್ರೇಡಿನಲ್ಲಿ ಅದರೊಳಗೆ 350 ಮಿಲಿಲೀಟರ್ ಬೇರೆ ಅನಿಲ ಇದ್ದೀತು, ಐದು ಒಂಬತ್ತಿನಲ್ಲಿ 70 ಮಿಲಿಲೀಟರ್. ಸ್ಟೇನ್‌ಲೆಸ್ ರೇಲಿಂಗಿಗೆ, ಅಲ್ಯೂಮಿನಿಯಂ ಎಂಜಿನ್ ಹೆಡ್ಡಿನ ಬಿರುಕಿಗೆ ಮೊದಲನೆಯದು ಧಾರಾಳ ಸಾಕು. ಟೈಟಾನಿಯಂ ಬೆಸೆಯುವವನಿಗೆ ಮೇಲಿನದೇ ಬೇಕು, ಯಾಕೆಂದರೆ ಬಿಸಿ ಟೈಟಾನಿಯಂ ಆಮ್ಲಜನಕ, ಸಾರಜನಕ ಎರಡನ್ನೂ ಹೀರಿ ಗಾಜಿನ ಹಾಗೆ ಪೆಡಸಾಗುತ್ತದೆ. ಎರಕದ ಮನೆಯಿಂದ ಬಂದ ಲೋಹದ ತುಣುಕಿಗೆ ಕಿಡಿ ಹಾಯಿಸಿ ಅದರಲ್ಲಿ ಇಂಗಾಲ ಎಷ್ಟು, ಕ್ರೋಮಿಯಂ ಎಷ್ಟು ಎಂದು ಹೇಳುವ ಸ್ಪೆಕ್ಟ್ರೋಮೀಟರ್ ಇರುವ ಪರೀಕ್ಷಾಲಯಕ್ಕೂ ಐದು ಒಂಬತ್ತು ಬೇಕು. ಅನಿಲ ಕೆಟ್ಟರೆ ಯಂತ್ರ ಸುಳ್ಳು ಹೇಳುತ್ತದೆ.

ಕಾಮಾಕ್ಷಿಪಾಳ್ಯದ ಬೆಸುಗೆಗಾರ ಈ ದಶಮಾಂಶಗಳನ್ನು ಬಾಯಿಪಾಠ ಮಾಡಿರುವುದಿಲ್ಲ, ಆದರೆ ಅವನ ಕಣ್ಣು ಅದನ್ನು ಓದುತ್ತದೆ. 1980ರ ದಶಕದಿಂದ ಬೆಂಗಳೂರಿನ ತುಂಬ ದರ್ಶಿನಿ ಹೋಟೆಲುಗಳು ಎದ್ದಾಗ ಇಡ್ಲಿ ಸ್ಟೀಮರು, ಸಿಂಕು, ಕೆಲಸದ ಮೇಜು, ಬಾಯ್ಲರುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬೇಕಾದವು. ಮಿಲಿಮೀಟರಿಗಿಂತ ಸ್ವಲ್ಪ ದಪ್ಪದ ತಗಡಿನ ಎರಡು ಅಂಚುಗಳನ್ನು ಕೂಡಿಸಿ, ಎಡಗೈಯಲ್ಲಿ ಫಿಲ್ಲರ್ ಕಡ್ಡಿ, ಬಲಗೈಯಲ್ಲಿ ಟಾರ್ಚು ಹಿಡಿದು ಒಂದೇ ಹದದಲ್ಲಿ ಎಳೆದರೆ ಬೆಸುಗೆ ಹೊಂಬಣ್ಣಕ್ಕೆ ಬಂದು ಅಲೆಅಲೆಯಾಗಿ ಕೂರುತ್ತದೆ. ಅನಿಲ ಕಡಿಮೆಯಾದರೆ, ಇಲ್ಲವೇ ಗಾಳಿ ನುಗ್ಗಿದರೆ ಅದೇ ಗೆರೆ ನೀಲಿಗೆ, ಬೂದಿಗೆ, ಕೊನೆಗೆ ಕಪ್ಪಿಗೆ ತಿರುಗುತ್ತದೆ. ತಗಡಿನ ಬೆನ್ನಿಗೂ ಆರ್ಗಾನ್ ಹಾಯಿಸದಿದ್ದರೆ ಹಿಂಬದಿಯಲ್ಲಿ ಲೋಹ ಹರಳುಗಟ್ಟುತ್ತದೆ. ಕಸುಬಿನವರು ಅದನ್ನು ಶುಗರ್ ಎನ್ನುತ್ತಾರೆ. ಆ ಒರಟು ಹರಳುಗಳ ಸಂದಿಯಲ್ಲಿ ಹಿಟ್ಟು ಸೇರಿ ಹುಳಿಯುತ್ತದೆ, ತುಕ್ಕು ಅಲ್ಲಿಂದಲೇ ಶುರು. ಫಿಲ್ಲಿಂಗ್ ಪ್ಲಾಂಟಿನಿಂದ ಶುದ್ಧವಾಗಿ ಬಂದ ಅನಿಲ ಕೆಡುವುದು ಹೆಚ್ಚಾಗಿ ಶೆಡ್ಡಿನ ಕೊನೆಯ ಹತ್ತು ಅಡಿಯಲ್ಲಿ. ಬಿರುಕು ಬಿಟ್ಟ ಹೋಸು, ಸಡಿಲ ಕ್ಲಿಪ್ಪು, ಸವೆದ ವಾಷರು, ಪೂರ್ತಿ ಖಾಲಿಮಾಡಿ ವಾಲ್ವ್ ತೆರೆದಿಟ್ಟು ವಾಪಸ್ ಕಳಿಸಿದ್ದರಿಂದ ತೇವ ಹೀರಿಕೊಂಡ ಸಿಲಿಂಡರು. ಇದನ್ನೆಲ್ಲ ಈ ಓಣಿಗಳು ಶಾಲೆಯಿಲ್ಲದೆ, ಕೆಟ್ಟ ಜಾಬು ವಾಪಸ್ ಬಂದ ಪೆಟ್ಟಿನಿಂದ ಕಲಿತವು. ಶುದ್ಧತೆ ಶೆಡ್ಡಿಗೆ ಬಂತು ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಗಿರಾಕಿ ಅದನ್ನು ಕೇಳಿದ, ಬೆಸುಗೆ ಅದನ್ನು ತೋರಿಸಿತು, ಕೆಟ್ಟರೆ ದುಡ್ಡು ಹೋಯಿತು.

ಸುರಕ್ಷತೆಗೆ ಇಂಥ ಒತ್ತಾಯ ಇರಲಿಲ್ಲ. ಅದಕ್ಕೆ ಮೊದಲ ಕಾರಣ ಆರ್ಗಾನಿನ ಒಳ್ಳೆಯ ಹೆಸರೇ. ಅದು ಉರಿಯುವುದಿಲ್ಲ, ಸಿಡಿಯುವುದಿಲ್ಲ, ವಿಷವಲ್ಲ. ನಮ್ಮ ಪ್ರತಿ ಉಸಿರಿನಲ್ಲೂ ಒಂದು ಟೀ ಚಮಚದಷ್ಟು ಆರ್ಗಾನ್ ಒಳಹೋಗಿ ಹಾಗೇ ಹೊರಬರುತ್ತದೆ. ಹೀಗಿರುವಾಗ ಭಯವೇಕೆ ಎಂಬುದು ಈ ವಾದಕ್ಕೆ ಎದುರಾಗುವ ಅತಿ ಬಲವಾದ ಆಕ್ಷೇಪ, ಅದಕ್ಕೆ ಉತ್ತರ ನಮ್ಮ ದೇಹದ ರಚನೆಯಲ್ಲಿದೆ. ಉಸಿರು ಕಟ್ಟಿದಾಗ ಆಗುವ ಸಂಕಟ ಆಮ್ಲಜನಕದ ಕೊರತೆಯಿಂದ ಹುಟ್ಟುವುದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ ಹುಟ್ಟುವುದು. ಆರ್ಗಾನ್ ತುಂಬಿದ ಜಾಗದಲ್ಲಿ ಮನುಷ್ಯ ಸರಾಗವಾಗಿ ಉಸಿರಾಡುತ್ತಾನೆ, ಡೈಆಕ್ಸೈಡ್ ಹೊರಹೋಗುತ್ತಲೇ ಇರುತ್ತದೆ, ಆದ್ದರಿಂದ ಸಂಕಟವೇ ಆಗುವುದಿಲ್ಲ. ವಾಸನೆಯಿಲ್ಲ, ಕೆಮ್ಮಿಲ್ಲ, ಕಣ್ಣುರಿಯಿಲ್ಲ. ಗಾಳಿಯಲ್ಲಿ ಸಹಜವಾಗಿ 20.9 ಇರುವ ಆಮ್ಲಜನಕ 19.5ಕ್ಕಿಂತ ಇಳಿದರೇ ಅದನ್ನು ಅಪಾಯದ ಗೆರೆ ಎನ್ನುತ್ತಾರೆ. ಹತ್ತಕ್ಕಿಂತ ಕೆಳಗಿಳಿದರೆ ಎಚ್ಚರ ತಪ್ಪುತ್ತದೆ. ಆಮ್ಲಜನಕವೇ ಇಲ್ಲದ ಕಡೆ ಒಂದೆರಡು ಉಸಿರು ಸಾಕು. ಬಿದ್ದವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಗಾಳಿಗಿಂತ ಭಾರವಾದ್ದರಿಂದ ಅದು ಗುಂಡಿ, ತೊಟ್ಟಿ, ನೆಲಮಾಳಿಗೆಗಳ ತಳದಲ್ಲಿ ನಿಲ್ಲುತ್ತದೆ. ಬೆಸುಗೆಯನ್ನು ಕಾಪಾಡುವ ಗುಣವೇ ಬೆಸೆಯುವವನನ್ನು ಕೊಲ್ಲುವ ಗುಣವೂ ಹೌದು: ಆಮ್ಲಜನಕವನ್ನು ಸದ್ದಿಲ್ಲದೆ ಹೊರದೂಡುವುದು.

ಎರಡನೇ ಕಾರಣ ಕಾನೂನು. ಅನಿಲ ಸಿಲಿಂಡರ್ ನಿಯಮಗಳು 1940ರಿಂದಲೂ ಇವೆ. 1981, 2004, 2016ರಲ್ಲಿ ಹೊಸದಾಗಿ ಬಂದವು. ಅವು ಸಿಲಿಂಡರನ್ನು ಚೆನ್ನಾಗಿ ನೋಡಿಕೊಳ್ಳುತ್ತವೆ: ಉಕ್ಕು ಎಂಥದು, ವಾಲ್ವ್ ಎಂಥದು, ಎಷ್ಟು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ. ಆದರೆ ಉರಿಯದ, ವಿಷವಲ್ಲದ ಅನಿಲವಾದರೆ 200 ಸಿಲಿಂಡರಿನವರೆಗೆ ಇಟ್ಟುಕೊಳ್ಳಲು ಲೈಸೆನ್ಸೇ ಬೇಡ ಎಂದವು. ಇನ್ನೊಂದು ಕಡೆ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮು ತೊಟ್ಟಿ, ಗುಂಡಿ, ಕೊಳವೆಗಳಂಥ ಇಕ್ಕಟ್ಟಿನ ಜಾಗಕ್ಕೆ ಇಳಿಯುವ ಮೊದಲು ಏನೇನು ಮಾಡಬೇಕೆಂದು ವಿವರವಾಗಿ ಹೇಳಿತ್ತು: ಬಲ್ಲವರು ಪರೀಕ್ಷಿಸಿ ಬರೆದುಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನ ಮತ್ತು ಹೊರಗಿನವರು ಹಿಡಿದ ಹಗ್ಗದ ಬೆಲ್ಟು ಇರಬೇಕು. ಮಾನವೀಯವಾದ, ಸ್ಪಷ್ಟವಾದ ಕಲಮು. ಆದರೆ ಕಾಯ್ದೆ ಅನ್ವಯವಾದದ್ದು ಕರೆಂಟು ಬಳಸಿ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ. 2020ರ ಹೊಸ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿದೆ. ಮಾಲೀಕ, ಇಬ್ಬರು ಬೆಸುಗೆಗಾರರು, ಒಬ್ಬ ಹೆಲ್ಪರ್ ಇರುವ ಶೆಡ್ಡು ಮೊದಲೂ ಲೆಕ್ಕಕ್ಕಿರಲಿಲ್ಲ, ಈಗಂತೂ ಇನ್ನೂ ದೂರವಾಯಿತು. ಸಣ್ಣವರನ್ನು ಇನ್ಸ್‌ಪೆಕ್ಟರ್ ಕಾಟದಿಂದ ಉಳಿಸಬೇಕೆಂಬ ವಾದದಲ್ಲಿ ಹುರುಳಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕಡತಗಳ ಹೊರೆ ಬಿದ್ದರೆ ಇಂಥ ಎಷ್ಟೋ ಶೆಡ್ಡುಗಳ ಬಾಗಿಲು ಮುಚ್ಚುತ್ತದೆ. ಆದರೆ ಆಮ್ಲಜನಕದ ಕೊರತೆ ಕೆಲಸಗಾರರ ಸಂಖ್ಯೆ ನೋಡಿ ಬರುವುದಿಲ್ಲ. ಇಕ್ಕಟ್ಟಾದ ಜಾಗವಿರುವುದೇ ಸಣ್ಣ ಶೆಡ್ಡಿನಲ್ಲಿ.

ನಮ್ಮ ಶೆಡ್ಡುಗಳಿಗೆ ಮೂರು ಕಡೆ ಗಾಳಿ, ಶಟರ್ ಸದಾ ತೆರೆದಿರುತ್ತದೆ, ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ ಎಂಬ ಮಾತೂ ಕೇಳಿಬರುತ್ತದೆ. ತೆರೆದ ಶೆಡ್ಡಿನಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಅನಿಲ ಬಿಟ್ಟುಕೊಂಡು ಗೇಟು ಬೆಸೆಯುವವನಿಗೆ ಉಸಿರಿನ ಅಪಾಯ ಇಲ್ಲವೆಂದೇ ಹೇಳಬಹುದು. ಆದರೆ ಕಸುಬು ಶೆಡ್ಡಿನಲ್ಲೇ ನಿಂತಿಲ್ಲ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯೆಂದರೆ ಸುಮಾರು 28 ಘನ ಮೀಟರ್. ರಾತ್ರಿ ಶಟರ್ ಎಳೆದ ಮೇಲೆ ಅಂಥ ಕೋಣೆಯಲ್ಲಿ ಒಂದು ತುಂಬಿದ ಸಿಲಿಂಡರ್ ಸೋರಿ ಖಾಲಿಯಾದರೆ ಬೆಳಿಗ್ಗೆ ಆಮ್ಲಜನಕ ಶೇಕಡಾ 16ರ ಆಸುಪಾಸಿಗೆ ಇಳಿದಿರಬಹುದು. ಅಲ್ಲೇ ಮಲಗುವ ಹುಡುಗರಿರುತ್ತಾರೆ. ಮನೆಯ ನೆಲದಡಿಯ ಸಂಪು ನೋಡಿ. ಬಸವೇಶ್ವರನಗರದ ಒಂದು ಸಾಧಾರಣ ಮನೆಯ ಸಂಪು 6000 ಲೀಟರಿನದು ಎಂದುಕೊಳ್ಳಿ. ಅದಕ್ಕಿಂತ ಹೆಚ್ಚು ಆರ್ಗಾನ್ ಒಂದೇ ಸಿಲಿಂಡರಿನಲ್ಲಿದೆ. ಒಳಗಿಳಿದು ಸ್ಟೇನ್‌ಲೆಸ್ ಏಣಿಯನ್ನೋ ಪೈಪನ್ನೋ ಬೆಸೆಯುವವನ ಟಾರ್ಚು ಒಂದು ಗಂಟೆ ಓಡಿದರೆ 600 ಲೀಟರ್ ಹೊರಬರುತ್ತದೆ, ಅದು ಮೊದಲು ತುಂಬುವುದು ಅವನು ಮಂಡಿಯೂರಿ ಕೂತ ತಳವನ್ನು. ಊಟಕ್ಕೆ ಮೇಲೆ ಬಂದವನು ಟಾರ್ಚನ್ನು ಕೆಳಗೇ ಬಿಟ್ಟು, ವಾಲ್ವ್ ಮುಚ್ಚದೆ ಬಂದಿದ್ದರೆ ಮರಳಿ ಇಳಿಯುವಾಗ ತಳದಲ್ಲಿ ಉಸಿರಾಡಲು ತಕ್ಕಷ್ಟು ಆಮ್ಲಜನಕ ಇಲ್ಲದೆ ಹೋಗಬಹುದು. ಏನೂ ಆಗಿಲ್ಲ ಎಂಬುದು ಪುರಾವೆಯಾಗದು. ಒಂದು ಸಲ ಆದರೆ ಅದನ್ನು ಹೇಳಲು ಅವನು ಉಳಿಯುವುದಿಲ್ಲ.

ಉಸಿರಿನದೊಂದೇ ಅಪಾಯವೂ ಅಲ್ಲ. 150 ಬಾರ್ ಒತ್ತಡದ ಸಿಲಿಂಡರ್ ಬಿದ್ದು ವಾಲ್ವಿನ ಕುತ್ತಿಗೆ ಮುರಿದರೆ ಅದು ಗೋಡೆ ಒಡೆದುಕೊಂಡು ಹೋಗಬಲ್ಲದು. ಗೋಡೆಗೊಂದು ಸರಪಳಿ, ಸಾಗಿಸುವಾಗ ತಲೆಗೊಂದು ಟೋಪಿ, ಇಷ್ಟೇ ಅದಕ್ಕೆ ಬೇಕಾದ ಮದ್ದು. ಕೆಂಪು ತುದಿಯ ಟಂಗ್‌ಸ್ಟನ್ ಕಡ್ಡಿಯಲ್ಲಿ ಶೇಕಡಾ ಎರಡರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ, ಅದು ವಿಕಿರಣಶೀಲ. ಹಿಡಿದುಕೊಂಡರೆ ಏನೂ ಆಗದು, ಆದರೆ ಗ್ರೈಂಡರಿನಲ್ಲಿ ಮೊನೆ ಮಾಡುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಲ್ಯಾಂಥನಂ ಬೆರೆತ ಕಡ್ಡಿ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಆರ್ಗಾನಿನ ಕಿಡಿ ಶುಭ್ರವಾದ್ದರಿಂದ ಹೊಗೆ ಕಡಿಮೆ, ನೇರಳಾತೀತ ಕಿರಣ ಹೆಚ್ಚು. ಸಂಜೆಯ ಕಣ್ಣುರಿ, ಕುತ್ತಿಗೆಯ ಸುಟ್ಟ ಚರ್ಮ ಅದರಿಂದ. ಹೊಗೆ ಕಡಿಮೆಯೆಂದು ನಿರಾಳವಾಗಿರಲೂ ಆಗದು, ಸ್ಟೇನ್‌ಲೆಸ್ಸಿನ ಹೊಗೆಯಲ್ಲಿ ಕ್ರೋಮಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿತು.

ಇದನ್ನೆಲ್ಲ ಸರಿಪಡಿಸಲು ನಮ್ಮ ಆಡಳಿತಕ್ಕೆ ಆಗದು ಎನ್ನುವವರಿಗೆ 2021ರ ಏಪ್ರಿಲನ್ನು ನೆನಪಿಸಬೇಕು. ಕೋವಿಡ್ಡಿನ ಎರಡನೇ ಅಲೆಯಲ್ಲಿ ಕಾರ್ಖಾನೆಗಳಿಗೆ ಆಮ್ಲಜನಕ ಕೊಡುವುದನ್ನು ನಿಲ್ಲಿಸಿ ಆಸ್ಪತ್ರೆಗಳಿಗೆ ತಿರುಗಿಸಲಾಯಿತು. ಸಾಗಿಸಲು ಟ್ಯಾಂಕರ್ ಸಾಲದೆ ಆರ್ಗಾನ್, ಸಾರಜನಕದ ಟ್ಯಾಂಕರುಗಳನ್ನೇ ಶುಚಿಮಾಡಿ ಆಮ್ಲಜನಕಕ್ಕೆ ಮಾರ್ಪಡಿಸಲು ಆದೇಶವಾಯಿತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಅನುಮತಿಗಳು ಆಗ ದಿನಗಳಲ್ಲಿ ದೊರೆತವು. ಉಸಿರಿನ ಬೆಲೆ ದೇಶಕ್ಕೆಲ್ಲ ಒಮ್ಮೆಗೇ ಕಂಡಾಗ ಅನಿಲದ ಆಡಳಿತ ಎಷ್ಟು ಚುರುಕಾಗಬಲ್ಲದೆಂದು ಗೊತ್ತಾಯಿತು. ಶೆಡ್ಡಿನವನ ಉಸಿರಿಗೆ ಅಷ್ಟೂ ಬೇಕಾಗಿಲ್ಲ. ಹೊಸ ಕಾಯ್ದೆ ಬೇಡ, ಲೈಸೆನ್ಸ್ ಬೇಡ. ಪ್ರತಿ ಸಿಲಿಂಡರಿನ ಕುತ್ತಿಗೆಗೆ ಗ್ಯಾಸ್ ಏಜೆನ್ಸಿಯವರು ನೇತುಹಾಕುವ ಚೀಟಿಯಲ್ಲಿ ಶುದ್ಧತೆಯ ಅಂಕಿಯ ಜೊತೆಗೆ ಕನ್ನಡದಲ್ಲಿ, ಹಿಂದಿಯಲ್ಲಿ ನಾಲ್ಕು ಸಾಲು ಎಚ್ಚರಿಕೆ ಇರಲಿ. ಆಮ್ಲಜನಕ ಅಳೆಯುವ ಕೈಮೀಟರು ಒಂದೊಂದು ಶೆಡ್ಡಿಗೂ ದುಬಾರಿಯೆನಿಸಿದರೆ ಕಾಸಿಯಾ, ವಸಾಹತುಗಳ ಸಂಘಗಳು, ಏಜೆನ್ಸಿಗಳು ದಿನಬಾಡಿಗೆಗೆ ಇಟ್ಟುಕೊಳ್ಳಲಿ. ಜಿಟಿಟಿಸಿ ಒಂದು ಭಾನುವಾರದ ಬೆಳಿಗ್ಗೆ ಬೆಸುಗೆಗಾರರಿಗೂ ಹೆಲ್ಪರುಗಳಿಗೂ ಇದನ್ನು ಮಾಡಿ ತೋರಿಸಲಿ. ಮನೆಗೆ ಸಂಪಿನ ಕೆಲಸ ಮಾಡಿಸುವ ಓದುಗರಿಗೂ ಒಂದು ಮಾತು: ಬೆಸೆಯಬಹುದಾದ್ದನ್ನೆಲ್ಲ ಮೇಲೆಯೇ ಬೆಸೆದು ಕೆಳಗಿಳಿಸಿ. ಇಳಿಯಲೇಬೇಕಾದರೆ ಬ್ಲೋವರ್ ಹಚ್ಚಿಸಿ, ಮೇಲೆ ಒಬ್ಬರನ್ನು ನಿಲ್ಲಿಸಿ, ಊಟಕ್ಕೆ ಹೋಗುವಾಗ ಟಾರ್ಚನ್ನು ಮೇಲಕ್ಕೆ ತರಿಸಿ ಸಿಲಿಂಡರಿನ ವಾಲ್ವನ್ನು ಮುಚ್ಚಿಸಿ. ಒಳಗೆ ಯಾರಾದರೂ ಕುಸಿದರೆ ಯಾರನ್ನೂ ಹಿಂದೆಯೇ ಇಳಿಯಲು ಬಿಡಬೇಡಿ. ಬ್ಲೋವರಿನಿಂದ ಒಳಕ್ಕೆ ಗಾಳಿ ಊದಿಸುತ್ತಲೇ 112ಕ್ಕೆ ಕರೆ ಮಾಡಿ.